ಕಲಿತ ಕಸುಬನ್ನು ಮಾರುವ ಹಕ್ಕು

ಒಬ್ಬರು ಪುಸ್ತಕ ಬರೆದು, ನಕ್ಷೆ ಹಾಕಿ ಇಲ್ಲವೆ ವಿಡಿಯೊ ಮಾಡಿ ಹೇಳಿಕೊಟ್ಟ ಕೈಕೆಲಸವನ್ನು ಇನ್ನೊಬ್ಬರು ನೋಡಿ ಕಲಿತು, ಕೈಯಾರೆ ಮಾಡಿ ಮಾರಿದರೆ ಅದು ಕೃತಿಸ್ವಾಮ್ಯದ ಉಲ್ಲಂಘನೆ ಎಂಬ ಅಭಿಪ್ರಾಯ ಕರಕುಶಲ ವಸ್ತುಗಳ ಲೋಕದಲ್ಲಿ ಇಂದು ಬಹುಮಟ್ಟಿಗೆ ಪ್ರಶ್ನೆಯಿಲ್ಲದೆ ನೆಲೆಯೂರಿದೆ. ಕ್ರೋಶಾ ಮತ್ತು ಹೆಣಿಗೆಯ ಇಂಗ್ಲಿಷ್ ಪ್ಯಾಟರ್ನುಗಳ ಕೊನೆಯಲ್ಲಿ ಕಾಣಿಸಿಕೊಳ್ಳುವ ‘ಸ್ವಂತ ಬಳಕೆಗೆ ಮಾತ್ರ, ಮಾರಾಟಕ್ಕಲ್ಲ’ ಎಂಬ ಸಾಲು ಅಂತರಜಾಲದ ಮೂಲಕ ಎಲ್ಲೆಡೆ ಹಬ್ಬಿ, ಅದನ್ನು ಬರೆದವರ ಇಚ್ಛೆ ಎಂಬಷ್ಟಕ್ಕೇ ನಿಲ್ಲದೆ ನೆಲದ ಕಾನೂನು ಎಂಬ ಗೌರವವನ್ನು ಗಳಿಸಿಕೊಂಡಿದೆ. ಕಲಿಸುವವರು ಅದನ್ನು ತಮ್ಮ ಹಕ್ಕೆಂದು ನಂಬಿದ್ದಾರೆ, ಕಲಿಯುವವರು ಅದನ್ನು ತಮ್ಮ ಮೇಲಿನ ನಿರ್ಬಂಧವೆಂದು ಒಪ್ಪಿಕೊಂಡಿದ್ದಾರೆ, ಮೂರನೆಯವರು ಮಾರುವವರನ್ನು ಕಳ್ಳರೆಂದು ಕರೆಯಲು ಅದನ್ನೇ ಆಧಾರವಾಗಿ ಹಿಡಿಯುತ್ತಾರೆ. ಈ ಅಭಿಪ್ರಾಯ ಕಾನೂನಿನ ದೃಷ್ಟಿಯಿಂದ ತಪ್ಪು, ಕೈಕೆಲಸದ ಚರಿತ್ರೆಯ ದೃಷ್ಟಿಯಿಂದ ನಿರಾಧಾರ, ಮತ್ತು ಅದರ ಭಾರವೆಲ್ಲ ಬೀಳುವುದು ಹೊರಲಾರದವರ ಮೇಲೆಯೇ ಎಂಬ ಕಾರಣಕ್ಕೆ ಅನ್ಯಾಯವೂ ಹೌದು.

ಜನರು ಕಾಪಿರೈಟ್ ಎಂದೇ ಕರೆಯುವ ಕೃತಿಸ್ವಾಮ್ಯವೆಂದರೆ ಬರಹ, ಚಿತ್ರ, ಸಂಗೀತ, ನಾಟಕ, ಚಲನಚಿತ್ರ, ಧ್ವನಿಮುದ್ರಣ ಮುಂತಾದ ಕೃತಿಗಳನ್ನು ಪ್ರತಿ ಮಾಡುವ, ಪ್ರಕಟಿಸುವ, ಪ್ರದರ್ಶಿಸುವ ಹಕ್ಕು ಕೃತಿಕಾರರಿಗೆ ಮಾತ್ರ ಇರುವಂತೆ ಕಾನೂನು ಮಾಡಿರುವ ಏರ್ಪಾಡು. ಭಾರತದಲ್ಲಿ ಅದಕ್ಕೆ 1957ರ ಕೃತಿಸ್ವಾಮ್ಯ ಕಾಯಿದೆಯೇ ಮೂಲ. ಈ ಹಕ್ಕು ಅಂಟಿಕೊಳ್ಳುವುದು ಅಭಿವ್ಯಕ್ತಿಗೆ, ಅಂದರೆ ಒಂದು ವಿಚಾರವನ್ನು ಒಬ್ಬರು ಯಾವ ಮಾತಿನಲ್ಲಿ, ಯಾವ ರೇಖೆಯಲ್ಲಿ, ಯಾವ ದೃಶ್ಯದಲ್ಲಿ ಹೇಳಿದರೋ ಆ ರೂಪಕ್ಕೆ. ಆ ವಿಚಾರಕ್ಕಾಗಲಿ, ಅದು ತಿಳಿಸುವ ಮಾಡುವ ಬಗೆಗಾಗಲಿ ಅಲ್ಲ.

ಸೀರೆಯ ಕುಚ್ಚಿನ ಕೆಲಸವನ್ನೇ ತೆಗೆದುಕೊಂಡರೆ ಈ ಗೆರೆ ಎಲ್ಲಿ ಬೀಳುತ್ತದೆಂಬುದು ಸ್ಪಷ್ಟವಾಗುತ್ತದೆ. ಸೆರಗಿನ ಅಂಚನ್ನು ಮಡಿಸಿ ಹೊಲಿದು, ಕ್ರೋಶಾ ಸೂಜಿಯ ಕೊಕ್ಕೆಯಿಂದ ಅಂಚಿನುದ್ದಕ್ಕೂ ರೇಷ್ಮೆ ದಾರದ ಕುಣಿಕೆಗಳನ್ನು ಸರಪಳಿಯಂತೆ ಎಳೆದು, ಇಷ್ಟಿಷ್ಟು ಕುಣಿಕೆಗೆ ಒಂದರಂತೆ ಕಮಾನು ಬಿಟ್ಟು, ಕಮಾನಿನ ನಡುವೆ ಮಣಿ ಪೋಣಿಸಿ, ಸೀರೆಯ ಮೈಬಣ್ಣ ಮತ್ತು ಅಂಚಿನ ಬಣ್ಣದ ಎಳೆಗಳನ್ನು ಕಟ್ಟಾಗಿ ಸೇರಿಸಿ ಇಳಿಬಿಟ್ಟು, ಅದರ ಕುತ್ತಿಗೆಗೆ ಜರಿ ದಾರ ಸುತ್ತಿ ಬಿಗಿದು, ಕೊನೆಗೆ ಕತ್ತರಿಯಿಂದ ಎಲ್ಲ ಗೊಂಡೆಗಳ ತುದಿಯನ್ನೂ ಒಂದೇ ಸಮಕ್ಕೆ ಕತ್ತರಿಸುವುದು ಈ ಕೆಲಸದ ಕ್ರಮ. ಇದನ್ನು ತೋರಿಸುವ ವಿಡಿಯೊ ಅದನ್ನು ಮಾಡಿದವರ ಸ್ವತ್ತು, ಅದರಲ್ಲಿ ಅವರಾಡಿದ ಮಾತು ಅವರದು, ತೆಗೆದ ಚಿತ್ರ ಅವರದು, ಬರೆದ ಟಿಪ್ಪಣಿ ಅವರದು. ಆ ವಿಡಿಯೊವನ್ನು ಇಳಿಸಿಕೊಂಡು ತಮ್ಮ ಹೆಸರಿನಲ್ಲಿ ಹಾಕುವವರು, ಅವರ ಚಿತ್ರವನ್ನು ತಮ್ಮ ಮಾಲಿನ ಚಿತ್ರವೆಂದು ತೋರಿಸುವವರು, ಅವರ ಟಿಪ್ಪಣಿಯನ್ನು ನಕಲು ತೆಗೆದು ಹಂಚುವವರು ನಿಸ್ಸಂಶಯವಾಗಿ ತಪ್ಪಿತಸ್ಥರು. ಆದರೆ ಕುಣಿಕೆ ಎಳೆಯುವ ಬಗೆ, ಮಣಿ ಕೂರಿಸುವ ಬಗೆ, ಗೊಂಡೆ ಬಿಗಿಯುವ ಬಗೆ ಕೃತಿಯಲ್ಲ, ವಿಧಾನ. ಆ ವಿಧಾನದಿಂದ ಬೇರೊಂದು ಸೀರೆಗೆ ಬೇರೊಂದು ಕೈ ಹಾಕಿದ ಕುಚ್ಚು ವಿಡಿಯೊದ ಪ್ರತಿಯಲ್ಲ.

ಈ ವ್ಯತ್ಯಾಸ ಇತ್ತೀಚೆಗೆ ಯಾರೋ ಹುಡುಕಿದ ವಾದಚಾತುರ್ಯವಲ್ಲ. ಚಾರ್ಲ್ಸ್ ಸೆಲ್ಡನ್ ಎಂಬಾತ 1859ರಲ್ಲಿ ಲೆಕ್ಕ ಬರೆಯುವ ಹೊಸ ಕ್ರಮವೊಂದನ್ನು ವಿವರಿಸುವ ಪುಸ್ತಕ ಪ್ರಕಟಿಸಿದ್ದ; ಅದೇ ಬಗೆಯ ಕ್ರಮಕ್ಕೆ ಹೊಂದುವ ಲೆಕ್ಕದ ಪುಸ್ತಕಗಳನ್ನು ಬೇಕರ್ ಎಂಬಾತ ಮಾಡಿ ಮಾರಿದಾಗ ಎದ್ದ ವ್ಯಾಜ್ಯದಲ್ಲಿ ಅಮೆರಿಕದ ಸುಪ್ರೀಂ ಕೋರ್ಟು ಬೇಕರನ ಪರ ನಿಂತಿತು. ‘ಬೇಕರ್ ವಿರುದ್ಧ ಸೆಲ್ಡನ್’ ಎಂದು ಹೆಸರಾದ ಆ ತೀರ್ಪಿನಲ್ಲಿ ನ್ಯಾಯಮೂರ್ತಿ ಬ್ರಾಡ್ಲಿ ಹಾಕಿಕೊಟ್ಟ ತರ್ಕ ಇಂದಿಗೂ ಅಲುಗಿಲ್ಲ: ಒಂದು ಔಷಧವನ್ನು ತಯಾರಿಸುವ ಬಗೆಯನ್ನು ಪುಸ್ತಕದಲ್ಲಿ ಬರೆದವನಿಗೆ ಆ ಪುಸ್ತಕದ ಮೇಲೆ ಹಕ್ಕು ಬರುತ್ತದೆಯೇ ಹೊರತು ಔಷಧವನ್ನು ತಯಾರಿಸಿ ಮಾರುವುದರ ಮೇಲೆ ಏಕಸ್ವಾಮ್ಯ ಬರುವುದಿಲ್ಲ, ಅದು ಬೇಕೆಂದರೆ ಆತ ಪೇಟೆಂಟಿಗೆ ಅರ್ಜಿ ಹಾಕಿ, ತನ್ನದು ಹೊಸತೆಂದು ಪರೀಕ್ಷೆಗೆ ಒಡ್ಡಿ ತೋರಿಸಬೇಕು. ಭಾರತದ ಸುಪ್ರೀಂ ಕೋರ್ಟು 1978ರಲ್ಲಿ ಆರ್.ಜಿ. ಆನಂದ್ ಅವರ ನಾಟಕವೊಂದಕ್ಕೂ ‘ನ್ಯೂ ದೆಹಲಿ’ ಎಂಬ ಹಿಂದಿ ಚಲನಚಿತ್ರಕ್ಕೂ ಸಂಬಂಧಿಸಿದ ಮೊಕದ್ದಮೆಯಲ್ಲಿ, ವಿಚಾರಕ್ಕೆ ಮತ್ತು ವಸ್ತುವಿಗೆ ಕೃತಿಸ್ವಾಮ್ಯವಿಲ್ಲ, ಅದನ್ನು ಅಭಿವ್ಯಕ್ತಗೊಳಿಸಿದ ರೂಪಕ್ಕೆ ಮಾತ್ರ ಇದೆ ಎಂಬ ತತ್ವವನ್ನೇ ಎತ್ತಿಹಿಡಿಯಿತು. ಭಾರತವೂ ಸಹಿ ಹಾಕಿರುವ ಟ್ರಿಪ್ಸ್ ಒಪ್ಪಂದ, ಅಂದರೆ ವಿಶ್ವ ವ್ಯಾಪಾರ ಸಂಸ್ಥೆಯ ಸದಸ್ಯ ದೇಶಗಳನ್ನೆಲ್ಲ ಕಟ್ಟಿಹಾಕುವ ಬೌದ್ಧಿಕ ಸ್ವತ್ತಿನ ಒಡಂಬಡಿಕೆ, ತನ್ನ 9ನೇ ವಿಧಿಯಲ್ಲಿ ಕೃತಿಸ್ವಾಮ್ಯ ಅಭಿವ್ಯಕ್ತಿಗೆ ಅನ್ವಯಿಸುತ್ತದೆಯೇ ಹೊರತು ವಿಚಾರ, ಕಾರ್ಯವಿಧಾನ, ಕ್ರಿಯಾಕ್ರಮಗಳಿಗಲ್ಲ ಎಂದು ನೇರವಾಗಿ ಹೇಳುತ್ತದೆ.

ಕೈಕೆಲಸಕ್ಕೆ ಇನ್ನೂ ಹತ್ತಿರದ ತೀರ್ಪೂ ಇದೆ. 1982ರಲ್ಲಿ ವರದಿಯಾದ ‘ಬ್ರಿಜಿಡ್ ಫೋಲಿ ವಿರುದ್ಧ ಎಲಟ್’ ಎಂಬ ಇಂಗ್ಲೆಂಡಿನ ಮೊಕದ್ದಮೆಯಲ್ಲಿ ಹೆಣಿಗೆಯ ಮಾರ್ಗದರ್ಶಿಯೊಂದರ ಒಡೆಯರು, ಅದರಲ್ಲಿನ ಪದ ಮತ್ತು ಅಂಕಿಗಳನ್ನು ಅನುಸರಿಸಿ ಹೆಣೆದ ಉಡುಪು ಆ ಬರಹದ ಪ್ರತಿಯೇ ಆಗುತ್ತದೆ ಎಂದು ವಾದಿಸಿದ್ದರು; ನ್ಯಾಯಾಧೀಶ ಮೆಗರಿ ಅದನ್ನು ಒಪ್ಪಲಿಲ್ಲ, ಏಕೆಂದರೆ ಹೆಣೆದ ಉಡುಪಿನಲ್ಲಿ ಪದವೂ ಇಲ್ಲ, ಅಂಕಿಯೂ ಇಲ್ಲ. ಅದಕ್ಕೂ ಮೊದಲು, 1963ರಲ್ಲಿ, ಮಕ್ಕಳಿಗೆ ಲೆಕ್ಕ ಕಲಿಸುವ ಬಣ್ಣದ ಕೋಲುಗಳ ಬಗ್ಗೆ ಆಸ್ಟ್ರೇಲಿಯಾದ ವಿಕ್ಟೋರಿಯಾ ರಾಜ್ಯದ ನ್ಯಾಯಾಲಯದ ಮುಂದೆ ಬಂದಿದ್ದ ‘ಕ್ವಿಸನೇರ್ ವಿರುದ್ಧ ರೀಡ್’ ಮೊಕದ್ದಮೆಯಲ್ಲಿ ನ್ಯಾಯಾಧೀಶರು ಅಡುಗೆಯ ಪುಸ್ತಕವನ್ನು ಉದಾಹರಿಸಿದ್ದರು: ಪುಸ್ತಕದ ಸೂಚನೆಯಂತೆ ವಸ್ತು ತಯಾರಿಸುವುದೇ ಪುಸ್ತಕದ ನಕಲು ಎಂದಾದರೆ, ಇಂಗ್ಲೆಂಡಿನ ಮನೆಮನೆಗಳಲ್ಲಿದ್ದ ಮಿಸೆಸ್ ಬೀಟನ್ನರ ಪಾಕಪುಸ್ತಕವನ್ನು ನೋಡಿ ಮೊಲದ ಮಾಂಸದ ಕಡುಬು ಮಾಡಿದವರೆಲ್ಲರೂ ಅಪರಾಧಿಗಳಾಗಬೇಕಾಗುತ್ತದೆ. ಬ್ರಿಟನ್ನಿನ 1988ರ ಕೃತಿಸ್ವಾಮ್ಯ ಕಾಯಿದೆಯ 51ನೇ ಕಲಮು ಈ ಮಾತನ್ನು ಶಾಸನದಲ್ಲಿಯೇ ಬರೆದಿಟ್ಟಿದೆ. ಸ್ವತಃ ಕಲಾಕೃತಿಯಲ್ಲದ ವಸ್ತುವಿನ ವಿನ್ಯಾಸದ ನಕ್ಷೆಯಿಂದ ಆ ವಸ್ತುವನ್ನು ತಯಾರಿಸುವುದು ನಕ್ಷೆಯ ಕೃತಿಸ್ವಾಮ್ಯವನ್ನು ಮುರಿಯುವುದಿಲ್ಲ. ಯೋಗ ಶಿಕ್ಷಕ ಬಿಕ್ರಮ್ ಚೌಧರಿ ತಮ್ಮ ಪುಸ್ತಕದಲ್ಲಿ ವಿವರಿಸಿದ್ದ 26 ಆಸನಗಳ ಮತ್ತು ಎರಡು ಉಸಿರಾಟದ ಕ್ರಮಗಳ ಸರಣಿಯನ್ನು ಬೇರೆಯವರು ಹಣ ಪಡೆದು ಕಲಿಸಬಾರದೆಂದು ಹೂಡಿದ ದಾವೆಯಲ್ಲಿ ಅಮೆರಿಕದ ಮೇಲ್ಮನವಿ ನ್ಯಾಯಾಲಯ 2015ರಲ್ಲಿ ಕೊಟ್ಟ ಉತ್ತರವೂ ಇದೇ: ಪುಸ್ತಕ ಅವರದು, ಪುಸ್ತಕ ಹೇಳುವ ಕ್ರಮ ಯಾರೊಬ್ಬರದೂ ಅಲ್ಲ.

ಮಾರಾಟಕ್ಕಲ್ಲ ಎನ್ನುವವರ ವಾದದಲ್ಲಿ ಇನ್ನೊಂದು ಒಳಬಿರುಕಿದೆ. ಕೃತಿಸ್ವಾಮ್ಯದ ಕಾನೂನಿನಲ್ಲಿ ಮೂಲಭೂತ ಪ್ರಶ್ನೆ ಪ್ರತಿ ಮಾಡಲಾಯಿತೇ ಎಂಬುದು. ಮಾರಿದರೇ ಎಂಬ ಪ್ರಶ್ನೆ ಬರುವುದು ಅದರ ನಂತರ. ಕಲಿತು ಮಾಡಿದ ಕುಚ್ಚು ವಿಡಿಯೊದ ಪ್ರತಿಯೇ ಅಲ್ಲವೆಂದ ಮೇಲೆ, ಅದನ್ನು ಉಟ್ಟುಕೊಂಡರೂ ಅಷ್ಟೇ, ತಂಗಿಗೆ ಕೊಟ್ಟರೂ ಅಷ್ಟೇ, ಮಾರಿದರೂ ಅಷ್ಟೇ. ಮನೆಬಳಕೆ ಮತ್ತು ಮಾರಾಟದ ನಡುವೆ ನಿಜವಾಗಿ ಗೆರೆ ಎಳೆಯುವ ಕಾನೂನು ಬೇರೆಯೇ ಇದೆ, ಅದು 2000ದ ವಿನ್ಯಾಸಗಳ ಕಾಯಿದೆ. ವಸ್ತುವಿನ ಆಕಾರ, ಅಲಂಕಾರ, ಬಣ್ಣದ ಜೋಡಣೆಗಳಲ್ಲಿ ಕಣ್ಣಿಗೆ ಕಾಣುವ ಹೊಸತನವನ್ನು ವಿನ್ಯಾಸವೆಂದು ಕರೆದು, ಅದನ್ನು ನೋಂದಾಯಿಸಿದವರ ಒಪ್ಪಿಗೆಯಿಲ್ಲದೆ ಮಾರಾಟದ ಉದ್ದೇಶಕ್ಕಾಗಿ ಆ ವಿನ್ಯಾಸವನ್ನು ವಸ್ತುಗಳ ಮೇಲೆ ಬಳಸಬಾರದೆಂದು ಆ ಕಾಯಿದೆಯ 22ನೇ ಕಲಮು ವಿಧಿಸುತ್ತದೆ. ಆದರೆ ಅದಕ್ಕೆ ನೋಂದಣಿ ಬೇಕು, ವಿನ್ಯಾಸ ಹೊಸತಾಗಿರಬೇಕು, ಅರ್ಜಿ ಹಾಕುವ ಮೊದಲೇ ಅದು ಸಾರ್ವಜನಿಕವಾಗಿ ಪ್ರಕಟವಾಗಿರಬಾರದು. ಇಷ್ಟಾದ ಮೇಲೂ ರಕ್ಷಣೆ ಸಿಗುವುದು ಮೊದಲು 10 ವರ್ಷ, ನವೀಕರಿಸಿದರೆ ಇನ್ನು 5 ವರ್ಷ. ಪೇಟೆಂಟಿನ ಅವಧಿ 20 ವರ್ಷ, ಅದಕ್ಕೂ ಕಠಿಣ ಪರೀಕ್ಷೆಯಿದೆ. ಕೃತಿಸ್ವಾಮ್ಯಕ್ಕಾದರೋ ನೋಂದಣಿ ಕಡ್ಡಾಯವಲ್ಲ, ಪರೀಕ್ಷೆಯಿಲ್ಲ, ಕೃತಿಕಾರರ ಜೀವಮಾನವಿಡೀ ಮತ್ತು ಅವರ ನಂತರ 60 ವರ್ಷ ಅದು ಉಳಿಯುತ್ತದೆ. ಮಾಡುವ ಬಗೆಯನ್ನೂ ಕೃತಿಸ್ವಾಮ್ಯದೊಳಗೆ ಸೇರಿಸಬೇಕೆನ್ನುವವರು ಕೇಳುತ್ತಿರುವುದು ಏನನ್ನು ಎಂಬುದು ಇಲ್ಲಿ ಬಯಲಾಗುತ್ತದೆ: ಹೊಸ ಯಂತ್ರವನ್ನು ಕಂಡುಹಿಡಿದವನಿಗೂ ಸಿಗದಷ್ಟು ದೀರ್ಘವಾದ ಏಕಸ್ವಾಮ್ಯವನ್ನು, ತಮ್ಮದು ಹೊಸತೆಂದು ಯಾರ ಮುಂದೆಯೂ ರುಜುವಾತು ಮಾಡದೆ, ಒಂದು ಗಂಟಿನ ಮೇಲೆ.

ಎದುರುಪಕ್ಷದ ಬಲವಾದ ವಾದವನ್ನು ಬಿಟ್ಟು ದುರ್ಬಲವಾದದ್ದನ್ನು ಮಾತ್ರ ಖಂಡಿಸುವುದು ನ್ಯಾಯವಲ್ಲ. ಆ ಬಲವಾದ ವಾದ ಹುಟ್ಟುವುದು ಭಾರತೀಯ ಕೃತಿಸ್ವಾಮ್ಯ ಕಾಯಿದೆಯ 14ನೇ ಕಲಮಿನಿಂದ. ಕಲಾಕೃತಿಯ ಒಡೆತನದಲ್ಲಿ ಎರಡು ಆಯಾಮದ ಕೃತಿಯನ್ನು, ಎಂದರೆ ಕಾಗದದ ಮೇಲಿನ ಚಿತ್ರವನ್ನು, ಮೂರು ಆಯಾಮದಲ್ಲಿ ಮೂಡಿಸುವ ಹಕ್ಕೂ ಸೇರಿದೆ ಎಂದು ಆ ಕಲಮು ಹೇಳುತ್ತದೆ. ನಕ್ಷೆ ಮತ್ತು ರೇಖಾಚಿತ್ರಗಳೂ ಕಲಾಕೃತಿಯ ವ್ಯಾಖ್ಯೆಯೊಳಗಿವೆ. ಆದ್ದರಿಂದ ಪ್ಯಾಟರ್ನಿನ ನಕ್ಷೆಯಿಂದ ಮಾಡಿದ ವಸ್ತು ಆ ನಕ್ಷೆಯ ಮೂರು ಆಯಾಮದ ಪ್ರತಿ ಎಂದು ಅವರು ವಾದಿಸಬಹುದು. ವಿನ್ಯಾಸಕಾರ ತರುಣ್ ತಹಿಲಿಯಾನಿ ಅವರ ಸಂಸ್ಥೆಯ ಉಡುಪುಗಳ ರೇಖಾಚಿತ್ರಗಳನ್ನು ದೆಹಲಿ ಹೈಕೋರ್ಟು 2008ರಲ್ಲಿ ಕಲಾಕೃತಿಗಳೆಂದು ಮಾನ್ಯ ಮಾಡಿ, ಅವುಗಳಿಗೆ ಕೃತಿಸ್ವಾಮ್ಯದ ರಕ್ಷಣೆ ಕೊಟ್ಟದ್ದನ್ನೂ ಅವರು ಎತ್ತಿ ತೋರಿಸಬಹುದು.

ಈ ವಾದಕ್ಕೆ ಉತ್ತರವಿದೆ, ಆದರೆ ಅದು ಒಂದೇ ಮಾತಿನ ಉತ್ತರವಲ್ಲ. ಮೊದಲನೆಯದಾಗಿ, ಕ್ರೋಶಾ ಅಥವಾ ಹೆಣಿಗೆಯ ನಕ್ಷೆ ವಸ್ತುವಿನ ಚಿತ್ರವಲ್ಲ, ಮಾಡಬೇಕಾದ ಕ್ರಿಯೆಗಳ ಸಂಕೇತಗಳ ಸಾಲು. ಇಲ್ಲೊಂದು ಕುಣಿಕೆ, ಅಲ್ಲೊಂದು ಕಮಾನು, ಮುಂದಿನ ಸುತ್ತಿನಲ್ಲಿ ಇಷ್ಟು ಬಿಡು ಎನ್ನುವ ಚಿಹ್ನೆಗಳನ್ನು ಅನುಸರಿಸಿ ಮೂಡುವ ವಸ್ತು ಆ ಚಿಹ್ನೆಗಳನ್ನು ಪ್ರತಿಬಿಂಬಿಸುವುದಿಲ್ಲ. ಎರಡನೆಯದಾಗಿ, ಉಪಯುಕ್ತ ಸಾಧನದ ಶುದ್ಧ ಕ್ರಿಯಾತ್ಮಕ ಭಾಗವನ್ನು ತಾಂತ್ರಿಕ ನಕ್ಷೆಯಿಂದ ಕೈಗಾರಿಕಾ ಬಳಕೆಗಾಗಿ ತಯಾರಿಸುವುದು ಉಲ್ಲಂಘನೆಯಲ್ಲ ಎಂದು 2012ರ ತಿದ್ದುಪಡಿ ಕೃತಿಸ್ವಾಮ್ಯ ಕಾಯಿದೆಯ 52ನೇ ಕಲಮಿನಲ್ಲಿ ಸೇರಿಸಿದ ವಿನಾಯಿತಿ, ನಕ್ಷೆಯ ಹಕ್ಕು ವಸ್ತುವಿನ ಉಪಯೋಗಕ್ಕೆ ಹಬ್ಬಬಾರದು ಎಂಬ ಸಂಸತ್ತಿನ ಇಂಗಿತವನ್ನು ತೋರಿಸುತ್ತದೆ. ಮೂರನೆಯದಾಗಿ, ಅದೇ ಕಾಯಿದೆಯ 15ನೇ ಕಲಮು, ನೋಂದಾಯಿಸಬಹುದಾಗಿದ್ದೂ ನೋಂದಾಯಿಸದ ವಿನ್ಯಾಸವನ್ನು ಒಡೆಯರಾಗಲಿ ಅವರ ಅನುಮತಿ ಪಡೆದವರಾಗಲಿ ಕೈಗಾರಿಕಾ ವಿಧಾನದಿಂದ 50ಕ್ಕಿಂತ ಹೆಚ್ಚು ಬಾರಿ ತಯಾರಿಸಿದೊಡನೆ ಅದರ ಕೃತಿಸ್ವಾಮ್ಯವೇ ಕೊನೆಗೊಳ್ಳುತ್ತದೆ ಎನ್ನುತ್ತದೆ. ಸೋಫಾ ಬಟ್ಟೆಗಳ ವಿನ್ಯಾಸ ಕುರಿತ ಮೈಕ್ರೋಫೈಬರ್ಸ್ ಮೊಕದ್ದಮೆಯಲ್ಲಿ ದೆಹಲಿ ಹೈಕೋರ್ಟಿನ ವಿಭಾಗೀಯ ಪೀಠ 2009ರಲ್ಲಿ ಕೃತಿಸ್ವಾಮ್ಯ ಮತ್ತು ವಿನ್ಯಾಸದ ಕಾನೂನುಗಳ ನಡುವಿನ ಈ ಗಡಿಯನ್ನು ದೃಢಪಡಿಸಿದೆ. ಇನ್ನು ತಹಿಲಿಯಾನಿ ಪ್ರಕರಣದಲ್ಲಿ ರೇಖಾಚಿತ್ರಗಳನ್ನು ಯಾರಿಗೂ ಮಾಡಿಕೊಳ್ಳಿರೆಂದು ಕೊಟ್ಟಿರಲಿಲ್ಲ. ಒಬ್ಬ ಪ್ರತಿಸ್ಪರ್ಧಿ ಇನ್ನೊಬ್ಬರ ಉಡುಪಿನ ಅಲಂಕಾರವನ್ನು ಎತ್ತಿಕೊಂಡ ದೂರು ಅದು. ಹೀಗೆ ಮಾಡಿ, ಹೀಗೆ ಮಾಡಿ ಎಂದು ಊರಿಗೆಲ್ಲ ತೋರಿಸಿದವರ ಸ್ಥಿತಿಗೂ ತಮ್ಮ ಕಡತದಲ್ಲಿ ಚಿತ್ರವಿಟ್ಟುಕೊಂಡವರ ಸ್ಥಿತಿಗೂ ಹೋಲಿಕೆಯಿಲ್ಲ.

ಹಾಗೆಂದು ಕಲಿಸುವವರಿಗೆ ವಸ್ತುವಿನ ಮೇಲೆ ಎಂದೂ ಯಾವ ಹಕ್ಕೂ ಇರಲಾರದು ಎಂದು ವಾದಿಸಿದರೆ ಅದೂ ಸುಳ್ಳಾಗುತ್ತದೆ. ಒಬ್ಬರು ಸ್ವತಂತ್ರವಾಗಿ ಬಿಡಿಸಿದ ನವಿಲಿನ ಚಿತ್ರವನ್ನು ರೇಖೆಗೆ ರೇಖೆಯಿಟ್ಟು ಬಟ್ಟೆಯ ಮೇಲೆ ದಾರದಲ್ಲಿ ಇಳಿಸಿದರೆ ಅಲ್ಲಿ ಪ್ರತಿಯಾಗುತ್ತಿರುವುದು ವಿಧಾನವಲ್ಲ, ಚಿತ್ರವೇ. ಒಬ್ಬರು ಕಲ್ಪಿಸಿದ, ಮುಖಭಾವದಿಂದ ಹಿಡಿದು ಮೈಕಟ್ಟಿನವರೆಗೆ ತನ್ನದೇ ವ್ಯಕ್ತಿತ್ವವಿರುವ ನೂಲಿನ ಗೊಂಬೆ ಶಿಲ್ಪದಂತೆಯೇ ಕಲಾಕೃತಿಯಾಗಬಹುದು. ಡಿಸ್ನಿಯ ಇಂದಿನ ಮಿಕ್ಕಿ ಮೌಸಿನಂಥ ಪಾತ್ರವನ್ನು ಹೆಣೆದು ಮಾರುವವರು ಕೃತಿಸ್ವಾಮ್ಯದ ಜೊತೆಗೆ ಟ್ರೇಡ್‌ಮಾರ್ಕನ್ನೂ ಎದುರಿಸಬೇಕಾಗುತ್ತದೆ, ಆ ಪ್ಯಾಟರ್ನನ್ನು ಕಲಿಸಿದವರು ಯಾರೇ ಆಗಿರಲಿ. ಶಿವರಾಮ ಕಾರಂತರ ಯಕ್ಷರಂಗಕ್ಕೆ ಸಂಬಂಧಿಸಿ ಉಡುಪಿಯ ನ್ಯಾಯಾಲಯದಿಂದ ಸುಪ್ರೀಂ ಕೋರ್ಟಿನವರೆಗೆ ಹೋಗಿ 2009ರಲ್ಲಿ ತೀರ್ಮಾನವಾದ ವ್ಯಾಜ್ಯ ಇಲ್ಲಿ ನೆನಪಿಗೆ ಬರುತ್ತದೆ. ಅಲ್ಲಿ ಪ್ರಶ್ನೆಯಿದ್ದದ್ದು ಕಾರಂತರು ಕೊಟ್ಟ ಹೊಸ ರಂಗರೂಪ ಮತ್ತು ಅವರ ರಚನೆಗಳ ಬಗ್ಗೆ, ಕರಾವಳಿಯ ಮೇಳಗಳೆಲ್ಲ ಆಡುವ ಯಕ್ಷಗಾನದ ಬಗ್ಗೆಯಲ್ಲ. ಆ ರಚನೆಗಳ ವಿಚಾರದಲ್ಲಿಯೂ ಕಾಯಿದೆಯ ವಿನಾಯಿತಿಗಳು ಪ್ರದರ್ಶಿಸುವವರಿಗೆ ತೆರೆದೇ ಇವೆ ಎಂದು ನ್ಯಾಯಾಲಯ ಸ್ಪಷ್ಟಪಡಿಸಿತು. ಪರಂಪರೆ ಎಲ್ಲರದು, ಅದಕ್ಕೆ ಒಬ್ಬರು ಸೇರಿಸಿದ ಸ್ವಂತ ಕೃತಿ ಮಾತ್ರ ಅವರದು. ಗೊಂಡೆ, ಸರಪಳಿ ಕುಣಿಕೆ, ಚೀಲ, ಟೋಪಿ, ಕಾಲುಚೀಲ, ಬಾಗಿಲ ತೋರಣ, ಮಣಿಸರ ಮುಂತಾಗಿ ಕಲಿಕೆಯ ವಿಡಿಯೊಗಳಲ್ಲಿ ನಿತ್ಯ ಕಾಣುವ ಬಹುಪಾಲು ಕೆಲಸಗಳು ಈ ಗೆರೆಯ ಆಚೆ, ಎಲ್ಲರಿಗೂ ಸೇರಿದ ಕಡೆಯಲ್ಲಿಯೇ ಬೀಳುತ್ತವೆ.

ಇಷ್ಟಾದ ಮೇಲೂ, ‘ಮಾರಾಟಕ್ಕಲ್ಲ’ ಎಂದು ಬರೆದಿದ್ದೇವಲ್ಲ ಎಂಬ ಉತ್ತರ ಉಳಿಯುತ್ತದೆ. ಬರೆದುಬಿಟ್ಟರೆ ಕಾನೂನಾಗುವುದಿಲ್ಲ ಎಂಬುದಕ್ಕೆ ನೂರು ವರ್ಷ ದಾಟಿದ ನಿದರ್ಶನವಿದೆ. ಅಮೆರಿಕದ ಬಾಬ್ಸ್–ಮೆರಿಲ್ ಎಂಬ ಪ್ರಕಾಶನ ಸಂಸ್ಥೆ ‘ದಿ ಕ್ಯಾಸ್ಟ್‌ಅವೇ’ ಎಂಬ ಕಾದಂಬರಿಯ ಪ್ರತಿಗಳಲ್ಲಿ, ಇದನ್ನು ಒಂದು ಡಾಲರಿಗಿಂತ ಕಡಿಮೆಗೆ ಮಾರುವುದು ಕೃತಿಸ್ವಾಮ್ಯದ ಉಲ್ಲಂಘನೆ ಎಂಬ ಸೂಚನೆಯನ್ನು ಅಚ್ಚು ಹಾಕಿತ್ತು. ನ್ಯೂಯಾರ್ಕಿನ ಮೇಸಿ ಅಂಗಡಿ ಅದನ್ನು 89 ಸೆಂಟಿಗೆ ಮಾರಿತು. ಅಂಥ ಸೂಚನೆಯಿಂದ ಕಾಯಿದೆ ಕೊಡದ ಹಕ್ಕನ್ನು ಪ್ರಕಾಶಕರು ಸೃಷ್ಟಿಸಿಕೊಳ್ಳಲಾರರೆಂದು 1908ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟು ತೀರ್ಮಾನಿಸಿತು. ಸೂಚನೆಗೆ ಕರಾರಿನ ಬಲವಿದೆಯೇ ಎಂದು ಕೇಳಬಹುದು. ಹಣ ಕೊಟ್ಟು ಪ್ಯಾಟರ್ನ್ ಕೊಳ್ಳುವಾಗ ಷರತ್ತನ್ನು ಓದಿ ಒಪ್ಪಿಕೊಂಡವರ ವಿಚಾರದಲ್ಲಿ ಅದು ಚರ್ಚೆಗೆ ಯೋಗ್ಯವಾದ ಪ್ರಶ್ನೆ. ಎಲ್ಲರಿಗೂ ತೆರೆದಿಟ್ಟ ವಿಡಿಯೊವನ್ನು ನೋಡಿದವರು ಯಾವ ಕರಾರಿಗೂ ಒಪ್ಪಿರುವುದಿಲ್ಲ. ಒಪ್ಪಿದ್ದರೂ, ಯಾರನ್ನಾದರೂ ನ್ಯಾಯಬದ್ಧವಾದ ಕಸುಬು, ವ್ಯಾಪಾರಗಳಿಂದ ತಡೆಯುವ ಒಪ್ಪಂದ ಅಷ್ಟರ ಮಟ್ಟಿಗೆ ಅನೂರ್ಜಿತ ಎನ್ನುವ 1872ರ ಭಾರತೀಯ ಕರಾರು ಕಾಯಿದೆಯ 27ನೇ ಕಲಮನ್ನು ಆ ಷರತ್ತು ಎದುರಿಸಿ ನಿಲ್ಲಬೇಕು. ಷರತ್ತು ಮುರಿದದ್ದು ಸಾಬೀತಾದರೂ ಅದು ಕರಾರಿನ ಭಂಗವೇ ಹೊರತು ಕೃತಿಸ್ವಾಮ್ಯದ ಉಲ್ಲಂಘನೆಯಲ್ಲ, ಕಳ್ಳತನವಂತೂ ಅಲ್ಲವೇ ಅಲ್ಲ.

ಕಾನೂನು ಹೇಗೇ ಇರಲಿ, ನೈತಿಕವಾಗಿ ಇದು ಸರಿಯೇ ಎಂಬ ಆಕ್ಷೇಪ ಹೆಚ್ಚು ಆಳವಾದದ್ದು, ಏಕೆಂದರೆ ಅದರ ಹಿಂದೆ ನಿಜವಾದ ನೋವಿದೆ. ವಾರಗಟ್ಟಲೆ ಬಿಚ್ಚಿ ಕಟ್ಟಿ ಒಂದು ಮಾದರಿಯನ್ನು ಹದಕ್ಕೆ ತಂದವರು, ಅದನ್ನು ಕಲಿಸಿದ ಮರುವಾರವೇ ಬೇರೆಯವರು ಅದನ್ನೇ ಕಡಿಮೆ ಬೆಲೆಗೆ ಮಾರುವುದನ್ನು ಕಂಡಾಗ ಕಹಿ ಪಡುವುದು ಸಹಜ. ಆದರೆ ಅವರು ಕಲಿಸಿದ್ದು ಬರಿಗೈಯಿಂದ ಸೃಷ್ಟಿಸಿದ್ದನ್ನಲ್ಲ. ಧಾರವಾಡದ ಕಡೆಯ ಕಸೂತಿಯನ್ನು ಹತ್ತಿರದಿಂದ ನೋಡಿದವರಿಗೆ ಇದು ಬಿಡಿಸಿ ಹೇಳಬೇಕಾದ ಮಾತಲ್ಲ. ಗವಂತಿ, ಮುರಗಿ, ನೇಗಿ, ಮೆಂತೆ ಎಂಬ ನಾಲ್ಕು ಹೊಲಿಗೆಗಳ ಆ ಕಲೆಯಲ್ಲಿ ಬಟ್ಟೆಯ ಮೇಲೆ ಮೊದಲು ಗೆರೆ ಬರೆದುಕೊಳ್ಳುವ ಪದ್ಧತಿಯಿಲ್ಲ. ಇಳಕಲ್ ಸೀರೆಯ ನೇಯ್ಗೆಯ ಎಳೆಗಳನ್ನು ಕಣ್ಣಿನಲ್ಲಿಯೇ ಎಣಿಸುತ್ತ ಸೂಜಿ ಸಾಗಬೇಕು. ಗವಂತಿಯಲ್ಲಿ ಹೋಗುವಾಗ ಒಂದು ಬಿಟ್ಟು ಒಂದರಂತೆ ಹಾಕಿದ ಹೊಲಿಗೆಯ ನಡುವಣ ಖಾಲಿಯನ್ನು ಮರಳುವಾಗ ತುಂಬುತ್ತ ಬಂದು, ಎಲ್ಲಿಯೂ ಗಂಟು ಹಾಕದೆ, ಬಟ್ಟೆಯ ಎರಡೂ ಮೈಯಲ್ಲಿ ಒಂದೇ ಚಿತ್ತಾರ ಕಾಣುವಂತೆ ಮಾಡಬೇಕು. ಗೋಪುರ, ತೇರು, ತುಳಸಿಕಟ್ಟೆ, ಆನೆಗಳ ಮಾದರಿಗಳು ಎಳೆಗಳ ಲೆಕ್ಕದ ರೂಪದಲ್ಲಿ ತಾಯಿಯಿಂದ ಮಗಳಿಗೆ, ಅತ್ತೆಯಿಂದ ಸೊಸೆಗೆ, ನೆರೆಮನೆಯವರಿಂದ ನೆರೆಮನೆಯವರಿಗೆ ಬಂದಿವೆ. ಆ ಲೆಕ್ಕವನ್ನು ಮೊದಲು ಎಣಿಸಿದ ಹೆಂಗಸು ಯಾರೆಂಬುದು ಯಾವ ದಾಖಲೆಯಲ್ಲಿಯೂ ಇಲ್ಲ. ಅವಳ ಎಣಿಕೆಯನ್ನು ಇಂದು ಕ್ಯಾಮೆರಾದ ಮುಂದೆ ತೋರಿಸುವವರು, ತಮ್ಮಿಂದ ಮುಂದಕ್ಕೆ ಅದು ಕಸುಬಾಗಿ ಹರಿಯಬಾರದೆಂದು ತಡೆಯೊಡ್ಡಿದರೆ, ತಾವು ಪಡೆದಾಗ ಇಲ್ಲದಿದ್ದ ಷರತ್ತನ್ನು ಕೊಡುವಾಗ ಹಾಕಿದಂತಾಗುತ್ತದೆ.

ಕಲಿಸುವುದು ಮಾರಲಿಕ್ಕಾಗಿಯೇ ಎಂಬುದಕ್ಕೂ ಚರಿತ್ರೆಯಲ್ಲಿ ಸಾಕ್ಷಿಯಿದೆ. 1845ರಲ್ಲಿ ಆರಂಭವಾದ ಆಲೂಗಡ್ಡೆಯ ಬರಗಾಲದಲ್ಲಿ ಐರ್ಲೆಂಡ್ ತತ್ತರಿಸಿದಾಗ ಕಾನ್ವೆಂಟಿನ ಸನ್ಯಾಸಿನಿಯರೂ, ಕ್ಲೋನ್ಸ್ ಊರಿನಲ್ಲಿ ಪಾದ್ರಿಯ ಪತ್ನಿ ಕ್ಯಾಸಂಡ್ರಾ ಹ್ಯಾಂಡ್ ಅವರಂಥವರೂ ಬಡ ಹೆಂಗಸರಿಗೆ ಕ್ರೋಶಾ ಲೇಸಿನ ಕೆಲಸ ಕಲಿಸಿದ್ದು ಅದನ್ನು ಮಾರಿ ಅವರ ಮನೆಯ ಒಲೆ ಉರಿಯಲಿ ಎಂದು. ಆಂಧ್ರದ ಗೋದಾವರಿ ತೀರದ ನರಸಾಪುರಕ್ಕೆ 19ನೇ ಶತಮಾನದಲ್ಲಿ ಸ್ಕಾಟ್ಲೆಂಡಿನ ಮಿಷನರಿಗಳು ತಂದ ಕ್ರೋಶಾ ಲೇಸು ಅಲ್ಲಿನ ಹೆಂಗಸರ ಕೈಯಲ್ಲಿ ದೊಡ್ಡ ಗೃಹೋದ್ಯಮವಾಗಿ ಬೆಳೆಯಿತು. ಸಂಡೂರಿನಲ್ಲಿ ಲಂಬಾಣಿ ಕಸೂತಿಯನ್ನು ಉಳಿಸಿರುವುದೂ, ಕಲಿತವರು ಅದನ್ನು ಮಾರಿ ಬದುಕಬಹುದು ಎಂಬ ಒಂದೇ ಕಾರಣ. ಕೃತಿಸ್ವಾಮ್ಯದ ಮೊದಲ ಶಾಸನವೆನಿಸಿದ ಬ್ರಿಟನ್ನಿನ 1710ರ ಕಾಯಿದೆ ತನ್ನ ಶೀರ್ಷಿಕೆಯಲ್ಲಿಯೇ ವಿದ್ಯೆಯ ಪ್ರೋತ್ಸಾಹವನ್ನು ತನ್ನ ಉದ್ದೇಶವಾಗಿ ಹೇಳಿಕೊಂಡಿತ್ತು. ಕಲಿತ ವಿದ್ಯೆಯಿಂದ ಅನ್ನ ಸಂಪಾದಿಸುವುದನ್ನು ತಡೆಯಲು ಅದೇ ಪರಂಪರೆಯ ಕಾನೂನನ್ನು ಬಳಸುವುದು ಆ ಉದ್ದೇಶಕ್ಕೇ ವಿರುದ್ಧ.

ಈ ಅಭಿಪ್ರಾಯದ ಅತಿ ದೊಡ್ಡ ದೋಷ ಬೇರೆಯೇ ಇದೆ. ಅದಕ್ಕೆ ಹೆದರುವವರು ಯಾರು? ಕಸೂತಿಯ ಮಾದರಿಯನ್ನು ಕಂಪ್ಯೂಟರ್ ಯಂತ್ರಕ್ಕೆ ಊಡಿಸಿ ಥಾನುಗಟ್ಟಲೆ ಹೊಲಿಯುವ ಕಾರ್ಖಾನೆ ಹೆದರುವುದಿಲ್ಲ. ಅದಕ್ಕೆ ವಕೀಲರಿದ್ದಾರೆ, ಕಾನೂನು ತನ್ನ ಪರ ಎಷ್ಟಿದೆ ಎಂಬುದು ಅದಕ್ಕೆ ಗೊತ್ತು. ಮಗ್ಗದ ಸೀರೆಯ ವಿನ್ಯಾಸವನ್ನು ವಿದ್ಯುತ್ ಮಗ್ಗದಲ್ಲಿ ಇಳಿಸಿ ಅಗ್ಗಕ್ಕೆ ಮಾರುವವರೂ ಹೆದರುವುದಿಲ್ಲ. ಹೆದರುವವರು ಅಡುಗೆ, ಪಾತ್ರೆ, ಮಕ್ಕಳ ಶಾಲೆಯ ನಡುವೆ ಮಧ್ಯಾಹ್ನದ ಎರಡು ಗಂಟೆ ಬಿಡುವು ಮಾಡಿಕೊಂಡು, ಬೀದಿಯ ನಾಲ್ಕು ಮನೆಯವರ ಸೀರೆಗೆ ಕುಚ್ಚು ಹಾಕಿ, ಆ ಹಣದಲ್ಲಿ ಸಂಘದ ಸಾಲದ ಕಂತು ಕಟ್ಟುವ ಹೆಂಗಸರು. ಒಂದು ಸೀರೆಯ ಕುಚ್ಚಿನಿಂದ ಅವರಿಗೆ ಬರುವುದು ದಾರ, ಮಣಿಯ ಖರ್ಚು ಕಳೆದು ಅವರ ಕಣ್ಣು, ಬೆರಳುಗಳ ದುಡಿಮೆಯ ಕೂಲಿ. ಯಾರ ಬೌದ್ಧಿಕ ಸ್ವತ್ತಿನ ಲಾಭವೂ ಅಲ್ಲ. ದೊಡ್ಡವರನ್ನು ತಡೆಯಲಾರದೆ, ದುರ್ಬಲರನ್ನು ಮಾತ್ರ ತಮ್ಮಷ್ಟಕ್ಕೇ ಹಿಂಜರಿಯುವಂತೆ ಮಾಡುವ ನಿಯಮವನ್ನು ಕಲಾವಿದರ ರಕ್ಷಣೆ ಎಂದು ಕರೆಯಲಾಗದು.

ನಿಜವಾದ ರಕ್ಷಣೆ ಬೇಕೆನ್ನುವವರಿಗೆ ದಾರಿಗಳಿವೆ. ಹೊಸ ವಿನ್ಯಾಸವಿದ್ದರೆ ಪ್ರಕಟಿಸುವ ಮೊದಲೇ ನೋಂದಾಯಿಸಬಹುದು. ಚನ್ನಪಟ್ಟಣದ ಗೊಂಬೆ, ಬಿದರಿ, ಕಸೂತಿ, ನವಲಗುಂದದ ಜಮಖಾನೆಗಳಿಗೆ ಸಿಕ್ಕಿರುವ ಭೌಗೋಳಿಕ ಗುರುತು, ಅಂದರೆ ಒಂದು ಊರಿನ ಹೆಸರು ಹೊತ್ತ ವಸ್ತು ಆ ನೆಲದ್ದೇ ಆಗಿರಬೇಕೆನ್ನುವ 1999ರ ಕಾಯಿದೆಯ ರಕ್ಷಣೆ, ಹೆಸರಿನ ಮೋಸವನ್ನು ತಡೆಯುತ್ತದೆ; ಕೆಲಸ ಕಲಿಯುವುದನ್ನು ತಡೆಯುವುದಿಲ್ಲ. ಕೆಲವು ಬಟ್ಟೆಗಳನ್ನು ಕೈಮಗ್ಗಕ್ಕೇ ಮೀಸಲಿಟ್ಟ 1985ರ ಕಾಯಿದೆಯ ಪಟ್ಟಿ 22 ವಸ್ತುಗಳಿಂದ 11ಕ್ಕೆ ಇಳಿದಿದೆ. ಕಲಾವಿದರ ಪರ ದನಿ ಎತ್ತುವ ಉತ್ಸಾಹವಿರುವವರಿಗೆ ಹೋರಾಟದ ಕಣ ಅಲ್ಲಿದೆ. ಮಾದರಿಯನ್ನು ಗುಟ್ಟಾಗಿಡಬೇಕೆನ್ನುವವರು ಅದನ್ನು ಕಲಿಸದೆ ವಸ್ತುವನ್ನಷ್ಟೇ ಮಾರಬಹುದು. ಕಲಿಸುವುದರಿಂದಲೇ ಆದಾಯ ಬೇಕೆನ್ನುವವರು ಶುಲ್ಕ ಪಡೆದು ತರಗತಿ ನಡೆಸಬಹುದು, ಪ್ಯಾಟರ್ನ್ ಮಾರಬಹುದು. ಕಲಿತವರು ಯಾರಿಂದ ಕಲಿತೆವೆಂದು ಹೇಳಿಕೊಳ್ಳುವುದು ಸಲ್ಲಬೇಕಾದ ಗೌರವ, ಅದನ್ನು ಕೇಳುವ ಹಕ್ಕು ಕಲಿಸಿದವರಿಗೆ ಖಂಡಿತ ಇದೆ. ಆದರೆ ಗೌರವವನ್ನು ಕಾನೂನಿನ ಬೆದರಿಕೆಯಾಗಿ ಬದಲಿಸಿದೊಡನೆ ಅದು ಗೌರವವಾಗಿ ಉಳಿಯುವುದಿಲ್ಲ.

ಬೆದರಿಕೆಯ ಮಾತು ಬಂದದ್ದರಿಂದ, ಕುಚ್ಚು ಹಾಕಿ ಮಾರುವ ಪ್ರತಿಯೊಬ್ಬರೂ ತಿಳಿದಿರಬೇಕಾದ ಸಂಗತಿಯೊಂದಿದೆ. ಕೃತಿಸ್ವಾಮ್ಯ ಉಲ್ಲಂಘನೆಯ ಆಧಾರರಹಿತ ಬೆದರಿಕೆಗೆ ಒಳಗಾದವರು ತಾವೇ ನ್ಯಾಯಾಲಯಕ್ಕೆ ಹೋಗಿ, ಉಲ್ಲಂಘನೆ ನಡೆದಿಲ್ಲವೆಂಬ ಘೋಷಣೆಯನ್ನೂ, ಬೆದರಿಕೆ ಮುಂದುವರಿಯದಂತೆ ತಡೆಯಾಜ್ಞೆಯನ್ನೂ, ಅದರಿಂದ ನಷ್ಟವಾಗಿದ್ದರೆ ಪರಿಹಾರವನ್ನೂ ಕೇಳಬಹುದೆಂದು 1957ರ ಕಾಯಿದೆಯ 60ನೇ ಕಲಮು ಹೇಳುತ್ತದೆ. ಬೆದರಿಕೆ ಹಾಕಿದವರು ವಿಳಂಬವಿಲ್ಲದೆ ತಾವೇ ದಾವೆ ಹೂಡಿ ನಡೆಸಿದರೆ ಮಾತ್ರ ಈ ಅವಕಾಶವಿಲ್ಲ. ಹೂಡಿದರೆ, ಕುಚ್ಚು ವಿಡಿಯೊದ ಪ್ರತಿ ಎಂಬುದನ್ನು ರುಜುವಾತು ಮಾಡುವ ಹೊಣೆ ಅವರದೇ.